ಬಾಗಿಲ ಬಳಿ ಕೂತು ಹಾಡಿದ ದೊಡ್ಡಮ್ಮ

ಮೊನ್ನೆ ಕೆ.ಆರ್. ನಗರದ ಛತ್ರವೊಂದಕ್ಕೆ ಮದುವೆಗೆಂದು ಹೋದವಳು ಕೈಕಾಲು ತೊಳೆಯಲು ಹಿಂದುಗಡೆ ಹೋದಾಗ ಫಿನಾಯಿಲ್ಲೂ ಮಲ್ಲಿಗೆಯೂ ಒಟ್ಟಿಗೇ ಮೂಗಿಗೆ ಬಡಿದವು. ಮಿರ್ಲೆಯ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಬಂದರು. ಅವರ ಬಚ್ಚಲಲ್ಲಿ ಸದಾ ಫಿನಾಯಿಲ್, ಮುಡಿಯಲ್ಲಿ ಸದಾ ಮಲ್ಲಿಗೆ...

ದೊಡ್ಡಮ್ಮನಿಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗಿತ್ತು. ವರ್ಷಗಟ್ಟಲೆ ರಕ್ತಭೇದಿಯಾಗಿ ಕಡ್ಡಿಯಂತಾಗಿದ್ದರು. ಕೊನೆಗೆ ಮೈಸೂರಿನಲ್ಲಿ ಆಪರೇಷನ್ ಮಾಡಿ ಆ ಕರುಳನ್ನೇ ತೆಗೆದರು; ಹೊಟ್ಟೆಯ ಮೇಲೆ ದಾರಿ ಮಾಡಿ, ಮಲ ತುಂಬಿಕೊಳ್ಳಲು ಒಂದು ಚೀಲ ಅಂಟಿಸಿದರು. ಆಮೇಲೆ ನೋಡಿ, ಗುಂಡುಕಲ್ಲಿನಂತಾದರು. ಗದ್ದೆಗೆ ಹೋದರು, ಬಸ್ಸು ಹತ್ತಿ ಚುಂಚನಕಟ್ಟೆಗೆ ಹೋಗಿಬಂದರು. ಚೀಲ ಸೀರೆಯೊಳಗಿರುತ್ತಿತ್ತು, ವಾಸನೆಯೇನೂ ಇರಲಿಲ್ಲ. ಆದರೆ ಊರ ಬಾಯಿಗೆ ಮುಚ್ಚಳವುಂಟೇ?

ಸುತ್ತಲಿನ ಮದುವೆಗಳಲ್ಲಿ ಹೆಣ್ಣು ಗಂಡನ್ನು ಹಸೆಗೆ ಕರೆಯುವ ಸೋಬಾನೆ ಮೊದಲಿಂದಲೂ ಅವರದೇ. ಆಪರೇಷನ್ ಆದಮೇಲೆ ಯಾರೂ ಕರೆಯಲಿಲ್ಲ. ಸ್ವಂತ ತಮ್ಮನ ಮಗಳ ಮದುವೆಯಲ್ಲಾದರೂ ಹಸೆಯ ಪಕ್ಕ ಕೂತು ಹಾಡಬೇಕೆಂಬ ಆಸೆ ಅವರಿಗೆ. ಹಿಂದಿನ ದಿನದಿಂದಲೇ ಅನ್ನ ಬಿಟ್ಟರು, ನೀರನ್ನೂ ಬಿಟ್ಟರು. ದೊಡ್ಡ ಕರುಳಿಲ್ಲದ ಮೈ ಬೇಗ ಒಣಗುತ್ತದೆ, ನೀರು ಮಾತ್ರ ಬಿಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ಲೋಟ ಹಿಡಿದು ನಿಂತೆ.

"ಕುಡುದ್ರೆ ಚೀಲ ತುಂಬ್ತದೆ ಕಣವ್ವ. ಹಾಡು ಮುಗೀಲಿ ಬುಡು," ಎಂದರು.

ಒಣಗಿದ ತುಟಿಯಲ್ಲೇ ಹಸೆಯತ್ತ ನಡೆದವರನ್ನು ತಮ್ಮನ ಹೆಂಡತಿ ತಡೆದಳು. "ಅತ್ಗೆಮ್ಮ, ನೀವು ಬಾಗ್ಲತ್ರನೇ ಕುಂತ್ಕಂಡು ಹಾಡಿ. ದ್ಯಾವರ ಕೆಲ್ಸ, ತಪ್ಪು ತಿಳ್ಕಬ್ಯಾಡಿ."

ತಮ್ಮ ಕೇಳಿಸದವನಂತೆ ಹೂವಿನ ಹಾರ ಸರಿಮಾಡುತ್ತಿದ್ದ. ದೊಡ್ಡಮ್ಮ ಚಪ್ಪಲಿಗಳ ಪಕ್ಕ ಕೂತರು. ಹಾಡಿದರು... ಒಂದು ನುಡಿಯನ್ನೂ ಬಿಡದೆ ಹಾಡಿದರು.

ಅಲ್ಲಿಂದ ನೀರು ಬಿಡುವುದೇ ರೂಢಿಯಾಯಿತು. ನೆಂಟರ ಮನೆಗೆ ಹೊರಟರೆ ನೀರಿಲ್ಲ, ಮನೆಗೆ ಯಾರಾದರೂ ಬರುತ್ತಾರೆಂದರೂ ನೀರಿಲ್ಲ. ಕೆಲವು ವರ್ಷಗಳಲ್ಲಿ ಕಿಡ್ನಿ ಸೋತವು, ದೊಡ್ಡಮ್ಮ ಹೋದರು. ಕರುಳಿನ ಕಾಯಿಲೆ ತಿಂದುಹಾಕಿತು ಎಂದರು ಜನ. ಸುಳ್ಳು. ಆ ಕಾಯಿಲೆ ಆಪರೇಷನ್ನಿನ ದಿನವೇ ಹೋಗಿತ್ತು. ಅವರನ್ನು ತಿಂದದ್ದು ನಮ್ಮವರ ಮಡಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೈ ಒರೆಸಿಕೊಂಡು ಛತ್ರದೊಳಕ್ಕೆ ಬಂದೆ. ಮೊನ್ನೆಯದು ಅದೇ ತಮ್ಮನ ಮಗನ ಮದುವೆ. ಹಸೆಗೆ ಕರೆಯುವ ಹೊತ್ತಾಗಿತ್ತು, ಹಾಡು ಬಲ್ಲವರು ಯಾರೂ ಇರಲಿಲ್ಲ. ತಮ್ಮನ ಹೆಂಡತಿ ಮೊಬೈಲ್ ಒತ್ತಿದಳು. ಅಂದು ಮಗಳ ಮದುವೆಯಲ್ಲಿ ಯಾರೋ ರೆಕಾರ್ಡ್ ಮಾಡಿಕೊಂಡಿದ್ದ ದೊಡ್ಡಮ್ಮನ ದನಿ ಮೈಕಿನಲ್ಲಿ ಛತ್ರವೆಲ್ಲ ತುಂಬಿತು.

"ಎಂಥ ಕಂಠ ಕಣ್ರೀ ನಮ್ಮತ್ಗೆಮ್ಮಂದು," ಎಂದು ಅವಳು ಕಣ್ಣೊರೆಸಿಕೊಂಡಳು. ಮೊಬೈಲನ್ನು ಹಸೆಯ ಮೇಲೆಯೇ, ಕಳಶದ ಪಕ್ಕ ಇಟ್ಟಳು. ದೊಡ್ಡಮ್ಮನಿಗೆ ಕೊಡದ ಜಾಗ ಅದಕ್ಕೆ ಕೊಟ್ಟಳು.