ಊದು ಮೇಷ್ಟ್ರ ಸೋಮವಾರದ ಅಳತೆ

ನನ್ನ ಗೆಳೆಯ ಕಳೆದ ಗುರುವಾರ ಬೆಳಿಗ್ಗೆ ತೀರಿಕೊಂಡ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಐವತ್ತೆಂಟು ವರ್ಷ.

ಆಸ್ಪತ್ರೆಯ ನೆಲಮಹಡಿಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಅವನು ಇಪ್ಪತ್ತಾರು ವರ್ಷ ಜನರ ಉಸಿರು ಅಳೆದ. ರೋಗಿಯ ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ, ಎದುರಿಗೆ ಇವನ ಕೂಗು: "ಊದಿ, ಊದಿ, ಇನ್ನೂ ಇದೆ, ಬಿಡಬೇಡಿ!" ಹೊರಗೆ ಬೆಂಚಿನ ಮೇಲೆ ಕೂತವರು ಒಳಗೇನೋ ಜಗಳ ಎಂದುಕೊಳ್ಳುತ್ತಿದ್ದರು. ಊದು ಮೇಷ್ಟ್ರು ಎಂಬ ಹೆಸರು ಬಂದದ್ದು ಹಾಗೆ.

ಹೆದರಿದವರಿಗೆ ಮೊದಲು ಪಾಠ. "ಅಮ್ಮಾ, ಶ್ವಾಸಕೋಶ ಮಹಾ ಸೋಮಾರಿ. ತಾನಾಗಿ ಒಂದು ಉಸಿರೂ ಎಳ್ಕೊಳಲ್ಲ. ಕೆಳಗೆ ವಪೆ ಅಂತ ಒಂದು ಮಾಂಸದ ಪರದೆ ಇದೆ. ಅದು ಕೆಳಕ್ಕೆ ಜಗ್ಗಬೇಕು, ಪಕ್ಕೆಲುಬು ಅಗಲ ಆಗ್ಬೇಕು, ಆಗ ಗಾಳಿ ಒಳಗೆ ಬರುತ್ತೆ. ಕವಲು ಕವಲಾಗಿ ಹೋಗಿ, ಸಾಸಿವೆಗಿಂತ ಚಿಕ್ಕ ಚೀಲಗಳಿಗೆ ಸೇರುತ್ತೆ. ಅಲ್ಲಿ ರಕ್ತ ಬೇಕಾದ್ದು ತಗೊಂಡು ಬೇಡದ್ದು ವಾಪಸ್ ಕೊಡುತ್ತೆ."

"ನಮ್ಮನೆಯವ್ರ ಥರಾನೇ ಅನ್ನಿ. ಜಗ್ಗಿದ್ರೇ ಏಳೋದು," ಎಂದಿದ್ದಳು ಒಬ್ಬ ಹೆಂಗಸು. ಆಮೇಲೆ ಹೆದರದೆ ಊದಿದಳು.

ನಾನು ಆ ಉಸಿರು ಅಳೆಯುವ ಯಂತ್ರಗಳ ಮೆಕ್ಯಾನಿಕ್. ಯಂತ್ರ ಸುಳ್ಳು ಹೇಳುತ್ತಿಲ್ಲವೆಂದು ತಿಳಿಯಲು ಅವನಿಗೆ ತನ್ನದೇ ದಾರಿಯಿತ್ತು: ಪ್ರತಿ ಸೋಮವಾರ ತಾನೇ ಊದಿ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ವರ್ಷಗಟ್ಟಲೆ ನಾಲ್ಕು ಲೀಟರಿನ ಆಸುಪಾಸು. ಮೂರು ವರ್ಷದ ಹಿಂದೆ ಅದು ಇಳಿಯತೊಡಗಿತು. ಯಂತ್ರ ಕೆಟ್ಟಿದೆ ಎಂದು ನನ್ನನ್ನು ಕರೆಸಿದ. ಅಷ್ಟು ಅನುಭವಸ್ಥನ ಮಾತೆಂದು ನಾನೂ ನಂಬಿದೆ. ಸೆನ್ಸರ್ ಒರೆಸಿದೆ, ಪೈಪು ಬದಲಿಸಿದೆ. ಅಂಕಿ ಇನ್ನೂ ಇಳಿಯಿತು. ಮತ್ತೆ ಕರೆಸಿದ. ಎಂಟು ತಿಂಗಳು ಹೀಗೇ ಹೋಯಿತು. ಕಡೆಗೆ ಮೂರು ಲೀಟರಿನ ಅಳತೆಯ ಸಿರಿಂಜು ತಂದು ಗಾಳಿ ತಳ್ಳಿದೆ. ಯಂತ್ರ ಸರಿಯಾಗಿ ಮೂರು ತೋರಿಸಿತು.

"ನಿನ್ನ ಸಿರಿಂಜೇ ಸೋರ್ತಿರ್ಬೇಕು ಕಣೋ," ಎಂದ.

ನಾನೇ ಊದಿ ತೋರಿಸಿದೆ. ನನ್ನ ಅಂಕಿ ಇರಬೇಕಾದಲ್ಲೇ ಇತ್ತು. ಅವನು ಆ ಕಾಗದವನ್ನು ತನ್ನ ಪುಸ್ತಕದ ಪಕ್ಕ ಇಟ್ಟು ನೋಡಿದ. ಆಮೇಲೆ, "ಸದ್ಯ, ಇಷ್ಟು ದಿನ ಜನಕ್ಕೆ ಕೊಟ್ಟ ರಿಪೋರ್ಟೆಲ್ಲ ಸರಿ ಇದೆ," ಎಂದ.

ಮೊದಲೇ ಬಂದಿದ್ದರೆ ಔಷಧಿಯಿಂದ ಇನ್ನಷ್ಟು ಕಾಲ ತಡೆಯಬಹುದಿತ್ತು ಎಂದರು ವೈದ್ಯರು. ಆ ಎಂಟು ತಿಂಗಳು ಅವನನ್ನು ಕೊರೆಯಿತು. ನನ್ನನ್ನು ಈಗಲೂ ಕೊರೆಯುತ್ತಿದೆ. ಅವನ ಜಾಗಕ್ಕೆ ಬಂದ ಹೆಂಗಸು ಕೂಡ ಸೋಮವಾರ ಒಬ್ಬಳೇ ಊದಿ ಬರೆಯುತ್ತಾಳೆಂದು ಕೇಳಿದಾಗಿನಿಂದ ಅವನಿಗೆ ಸಮಾಧಾನವಿರಲಿಲ್ಲ.

ಅವನು ಕೊನೆಯ ಸಲ ಹಾಸಿಗೆ ಬಿಟ್ಟದ್ದು ತೀರಿಕೊಳ್ಳುವ ಮೂರು ದಿನ ಮೊದಲು, ಸೋಮವಾರ. ವಾರ್ಡಿನಿಂದ ಗಾಲಿಕುರ್ಚಿಯಲ್ಲಿ, ಆಮ್ಲಜನಕದ ಸಿಲಿಂಡರ್ ಸಮೇತ, ಆ ಕೋಣೆಗೆ ತಳ್ಳಿಸಿಕೊಂಡು ಬಂದ. ನನಗೂ ಬರಹೇಳಿದ್ದ.

"ಊದಮ್ಮಾ," ಎಂದ. ಆಕೆ ಊದಿದಳು. ನನ್ನ ಕಡೆ ತಿರುಗಿ, "ಈಗ ನೀನು."

"ನಾನ್ಯಾಕೋ?"

"ಒಂದೇ ಎದೆ ನಂಬ್ಕೊಂಡು ಕೂತ್ರೆ ನನ್ನ ಗತಿನೇ. ಇಬ್ರದೂ ಇಳಿದ್ರೆ ಯಂತ್ರ ಕೆಟ್ಟಿದೆ. ಒಬ್ರದೇ ಇಳಿದ್ರೆ... ಮೆಕ್ಯಾನಿಕ್ ಬೇಡ. ಡಾಕ್ಟರ್ ಹತ್ರ ಓಡಿ."

"ಪ್ರತಿ ಸೋಮವಾರ ನಾನೆಲ್ಲಿ ಬರ್ಲೋ?"

"ಬರ್ತೀಯ, ಸುಮ್ನೆ ಊದು."

ಊದಿದೆ. ಅವನಿಗೆ ಮತ್ತೆ ಮಾತಾಡಲು ಉಸಿರು ಸಾಲಲಿಲ್ಲ. ಪುಸ್ತಕ ಹತ್ತಿರಕ್ಕೆ ಎಳೆದುಕೊಂಡ. ಸ್ಕೇಲು ಇಟ್ಟು, ನಡುವೆ ಎರಡು ಸಲ ನಿಲ್ಲಿಸಿ, ಪುಟದ ಕೆಳಗಿನವರೆಗೂ ಒಂದು ಗೆರೆ ಎಳೆದ. ಗೆರೆಯ ಈಚೆ ಆಕೆಯ ಅಂಕಿ ಬರೆದ, ಆಚೆ ನನ್ನದು.