ಕಾಲಿನಿಂದ ಹೊಲಿದ ದೇವರ ವಸ್ತ್ರ

ನಗಬೇಡಿ ಗೆಳತಿಯರೇ, ಇವತ್ತು ಮಗಳು ಶರಣಮ್ಮನ ಹೊಲಿಗೆ ಕಲಿಕೆ ಬಿಡಿಸಿ ಕಮಲಾಪುರಕ್ಕೆ ಕರೆತರಲೆಂದೇ ಕಲಬುರಗಿಗೆ ಹೋಗಿದ್ದೆ. ಅಲ್ಲಿನ ಬ್ರಹ್ಮಪುರ ಬಡಾವಣೆಯ ಮನೆಯೊಂದರಲ್ಲಿ ಹೊಸ ಮಷೀನಿನ ಮುಂದೆ ಕುಳಿತು, ನಾನೇ ಕಳಿಸಿದ್ದ ದೇವರ ಜಗುಲಿಯ ವಸ್ತ್ರವನ್ನು ಕಾಲಿನಿಂದ ಹೊಲಿಯುತ್ತಿದ್ದಳು!

"ದೇವರ ವಸ್ತ್ರಕ್ಕ ಕಾಲು ಹಚ್ತೀಯೇನ? ಏಳು, ಊರಿಗಿ ನಡಿ!"

"ಯವ್ವಾ, ಕಾಲು ಬರೇ ಹಲಗಿ ತುಳೀತದ, ಹೊಲ್ಯೋದು ಸೂಜಿ. ಇದು ಕಲಿತ್ರ ನಿಜಾಮರ ಸಿಪಾಯಿಗಳ ಅಂಗಿ ಹೊಲ್ಯೋ ಕೆಲಸ ಸಿಗ್ತದ. ನೋಡರ ನೋಡು."

ನೋಡಿದೆ. ನನಗೆ ಇಡೀ ಹಗಲು ಹಿಡಿಯುವ ಅಂಚು, ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಮುಗಿಯಿತು. ಇರುವೆ ಸಾಲಿನಂಥ ಹೊಲಿಗೆ. ಶಿವನೇ, ನನ್ನ ಕೂಸಿನ ಕಾಲಿಗೆ ಇಂಥ ವಿದ್ಯೆಯೇ! ಬಗ್ಗಿ ಮಷೀನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಯವ್ವಾ, ಅದು ನಾ ಕಾಲಿಡೋ ಹಲಗಿ!" ಎಂದು ನಕ್ಕಳು.

ಕಾಲಿಡುವ ಹಲಗೆಗೇ ಕೈ ಮುಗಿದ ಮೇಲೆ ಕಲಿಕೆ ಬಿಡಿಸುವುದು ಹೇಗೆ? ಒಬ್ಬಳೇ ಕಮಲಾಪುರಕ್ಕೆ ಮರಳಿದೆ.