ಬೋರ್ಡಕ್ಕ ಎಳೆದ ಪೆನ್ಸಿಲ್ ಗೆರೆ

ಬೋರ್ಡಕ್ಕನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಅಂಗಡಿಯ ಅಕ್ಷರ ನೆನಪಿರುತ್ತದೆ ಅನ್ನುತ್ತಿದ್ದರು ಅಕ್ಕಪಕ್ಕದವರು. ಸುಳ್ಳೇನಲ್ಲ. ದಾರಿಯಲ್ಲಿ ಸಿಕ್ಕ ಔಷಧಿ ಅಂಗಡಿಯವನಿಗೆ "ಚೆನ್ನಾಗಿದೀರಾ?" ಅನ್ನುವುದು ಬಿಟ್ಟು, "ನಿಮ್ಮ ಔಕಾರದ ಬಾಲ ಬಣ್ಣ ಬಿಟ್ಟಿತ್ತಲ್ಲ, ಈಗ ಹೇಗಿದೆ?" ಎಂದು ವಿಚಾರಿಸಿದವಳು ಅವಳು. ಇನ್ನೊಂದು ಮಾತೂ ಇತ್ತು: ನೆಲ ಒರೆಸಲು ಹೇಳಿದರೂ ಈ ಹೆಣ್ಣು ಅಂಚಿಗೆ ನೆರಳು ಎಳೆದೇ ಏಳುತ್ತಾಳೆ.

ಆ ನೆರಳು ಅವಳ ಕೈಗುಣ. ಅಕ್ಷರ ಬರೆದು ಮುಗಿಸಿದ ಮೇಲೆ, ಅದರ ಬಲಮಗ್ಗುಲಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಗೆರೆ. ಅಷ್ಟೇ, ಮಲಗಿದ್ದ ಅಕ್ಷರ ಹಲಗೆ ಬಿಟ್ಟು ಎದ್ದು ನಿಲ್ಲುತ್ತಿತ್ತು. ಬೋರ್ಡು ಬರೆಯುವ ಕಸುಬು ಕಲಿಸಿದ ಅವಳಪ್ಪ ನೆರಳಿಲ್ಲದ ಬೋರ್ಡನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಹಾಗಾಗಿ ಅವಳ ಕೈ ಅವಳನ್ನು ಕೇಳದೆಯೇ ನೆರಳು ಎಳೆದುಬಿಡುತ್ತಿತ್ತು.

ಹೀಗಿರುವಾಗ ಮುದ್ರಿಸಿದ ಬ್ಯಾನರುಗಳ ಕಾಲ ಬಂತು. ಬ್ರಷ್ಷಿನ ಬೋರ್ಡು ಕೇಳುವವರೇ ಇಲ್ಲವಾದರು. ಬೋರ್ಡಕ್ಕ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವ ತಮ್ಮನ ಬೆನ್ನು ಬಿದ್ದು, ಯಾರೋ ಬಳಸಿ ಬಿಟ್ಟ ಒಂದು ಯಂತ್ರ ತರಿಸಿ ಮುಂದಿನ ಕೋಣೆಯಲ್ಲಿಟ್ಟಳು. ಬ್ರಷ್ ಹಿಡಿದ ಕೈಗೆ ಮೌಸ್ ಹಿಡಿಯುವುದು ಕಲಿಸಿದಳು. ಕಲಿತದ್ದಾಯಿತು, ಆದರೆ ಯಂತ್ರಕ್ಕೇ ದಮ್ಮಿಲ್ಲ. ದೊಡ್ಡ ಅಕ್ಷರಕ್ಕೊಂದು ನೆರಳು ಕೊಡು ಅಂದರೆ ಪರದೆಯ ಮೇಲೆ ಮರಳು ಗಡಿಯಾರ ತಿರುಗುತ್ತಾ ನಿಲ್ಲುತ್ತಿತ್ತು. ಅವಳು ಹೋಗಿ ಹಾಲು ಕಾಯಿಸಿ, ಬಟ್ಟೆ ಹಿಂಡಿ ಹರವಿ ಬಂದರೂ ಅದು ತಿರುಗುತ್ತಲೇ ಇರುತ್ತಿತ್ತು.

"ಗಡಿಯಾರ ನೋಡ್ಕೊಂಡು ಕೂರೋಕೆ ಒಂದು ಕೋಣೆ ಬೇಕೇನೇ?" ಅಂದರು ಅತ್ತೆ. "ಬಾಡಿಗೆಗೆ ಕೊಟ್ಟರೆ ಮನೆ ಖರ್ಚಿಗಾದರೂ ಆಗುತ್ತೆ. ಬೋರ್ಡು ಬರಿ. ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ, ಬರೆಯೋಳು ಮನೇಲೇ ಇದಾಳೆ."

ಬರೆದಳು. ತನ್ನ ಕೋಣೆಯಿಂದ ತನ್ನನ್ನೇ ಎಬ್ಬಿಸುವ ಬೋರ್ಡನ್ನು ತಾನೇ ಬರೆದಳು. 'ಕೋಣೆ ಬಾಡಿಗೆಗಿದೆ.' ಅಕ್ಷರ ಗುಂಡಗೆ ಬಂದವು. ಆದರೆ ನೆರಳೆಳೆಯಲು ಹೋದ ಕೈ ಅರ್ಧದಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವಳ ಕೈ ಹಾಗೆ ನಿಂತದ್ದು ಅದೇ ಮೊದಲು.

"ಇದೇನು ಬೋಳು ಬೋಳಾಗಿದೆ?" ಅಂದರು ಅತ್ತೆ.

"ಇದಕ್ಕೆ ಇಷ್ಟೇ ಸಾಕು ಅತ್ತೆ."

ಅದೇ ವಾರ ಬ್ಯಾನರ್ ಮುದ್ರಿಸುವ ಪ್ರೆಸ್ಸಿನವನು ಒಂದು ಕೆಲಸ ಕೊಟ್ಟ. ನಾಟಕದ ತಂಡ ರಂಗದ ಹಿಂದೆ ಕಟ್ಟುವ ಗೋಡೆಯಗಲದ ಪರದೆಗೆ ಯಂತ್ರದಲ್ಲಿ ಅಕ್ಷರ ಬರೆದುಕೊಡುವುದು. ಶನಿವಾರ ಸಂಜೆ ಪ್ರೆಸ್ ಮುಚ್ಚುವುದರೊಳಗೆ ಅದರ ಫೈಲು ಬಂದರೆ ಮುಂದೆ ಅಕ್ಷರದ ಕೆಲಸವೆಲ್ಲ ಅವಳಿಗೇ. ಬಾರದಿದ್ದರೆ ಮತ್ತೆ ಅವನ ಬಾಗಿಲು ತಟ್ಟುವಂತಿಲ್ಲ. ಅತ್ತೆಯೂ ಒಪ್ಪಿದರು, ಅವರದೇ ರೀತಿಯಲ್ಲಿ: "ಶನಿವಾರದ ತನಕ ಕಾಯ್ತೀನಿ. ಆಗಲಿಲ್ಲವೋ, ಭಾನುವಾರ ಬೆಳಿಗ್ಗೆ ಬೋರ್ಡು ಬಾಗಿಲಿಗೆ."

ಶನಿವಾರ ಬೆಳಿಗ್ಗೆ ತಮ್ಮ ಬಂದು ನೋಡಿದ. ನಾಟಕದ ಪರದೆ ಅರ್ಧವೂ ಆಗಿಲ್ಲ.

"ಅಕ್ಕಾ, ಈ ನಡಿಗೆಯಲ್ಲಿ ಇದು ನಾಳೆ ಸಂಜೆ ಮುಗಿಯುತ್ತೆ."

"ಅಪಶಕುನ ನುಡೀಬೇಡ. ಬೇರೆ ದಾರಿ ಇದ್ದರೆ ಹೇಳು."

ತಮ್ಮ ತಲೆ ಕೆರೆದುಕೊಂಡ. "ಒಂದಿದೆ. ಆದರೆ ಬೈಬಾರದು."

ಅವನು ಹೇಳಿದ್ದು ಇಷ್ಟು. ಒಳಗಿರುವ ಪ್ರೊಸೆಸರ್ ಇನ್ನೂ ಜೋರಾಗಿ ಓಡಬಲ್ಲದು, ಆದರೆ ತಯಾರಿಸಿದವರೇ ಅದಕ್ಕೆ ಬೀಗ ಹಾಕಿದ್ದಾರೆ. ಅದರ ಬೆನ್ನ ಮೇಲೆ ಚಿನ್ನದ ಬಣ್ಣದ ಚುಕ್ಕಿಗಳು ಜೋಡಿ ಜೋಡಿಯಾಗಿವೆ. ಪ್ರತಿ ಜೋಡಿಯ ನಡುವಿನ ದಾರಿಯನ್ನು ಕತ್ತರಿಸಿದ್ದಾರೆ. ಅದೇ ಬೀಗ. ಪೆನ್ಸಿಲ್ಲಿನ ಸೀಸದಲ್ಲಿ ಕರೆಂಟು ಹರಿಯುತ್ತದೆ. ಮೆತ್ತನೆ ಪೆನ್ಸಿಲ್ಲಿನಿಂದ ಮೇಲಿನ ಚುಕ್ಕಿಯಿಂದ ಕೆಳಗಿನ ಚುಕ್ಕಿಗೆ ಗೆರೆ ಎಳೆದರೆ ಬೀಗ ತೆರೆಯುತ್ತದೆ.

"ಪೆನ್ಸಿಲ್ಲಾ? ಇಷ್ಟು ದಿನ ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

"ಚುಕ್ಕಿಗಳು ಸಾಸಿವೆಗಿಂತ ಸಣ್ಣ ಅಕ್ಕಾ. ಗೆರೆ ಪಕ್ಕದ ಚುಕ್ಕಿಗೆ ತಾಗಿತೋ, ಕೆಟ್ಟಿತು. ಸುಟ್ಟರೆ ಈ ಕುಂಟುಗುದುರೇನೂ ಇರಲ್ಲ. ನನ್ನ ಕೈಯೋ, ನೋಡು." ಎತ್ತಿ ಹಿಡಿದ ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿದ್ದವು.

"ಅಷ್ಟೊಂದು ಟೀ ಕುಡೀಬೇಡ ಅಂತ ಬಡ್ಕೊಂಡೆ," ಅಂದಳು ಬೋರ್ಡಕ್ಕ. "ಬಿಚ್ಚು ಅದನ್ನ."

ತಮ್ಮ ಪ್ರೊಸೆಸರನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ತಂದಿಟ್ಟ. ಅತ್ತೆಯ ಓದುವ ಕನ್ನಡಕವನ್ನು ಭೂತಗನ್ನಡಿಯಂತೆ ಹಿಡಿದು ಅವಳು ಬಾಗಿದಳು. ಉಗುರುಬಣ್ಣ ತೆಗೆಯುವ ನೀರಿನಲ್ಲಿ ಹತ್ತಿ ಅದ್ದಿ ಚುಕ್ಕಿಗಳನ್ನು ಒರೆಸಿದಳು. ಪೆನ್ಸಿಲ್ ಮೊನೆಯನ್ನು ಮರಳುಕಾಗದಕ್ಕೆ ತೀಡಿ ತೀಡಿ ಸೂಜಿಯಾಗಿಸಿದಳು. ಉಸಿರು ಬಿಗಿಹಿಡಿದು ಒಂದೊಂದೇ ಜೋಡಿಯನ್ನು ಸೇರಿಸುತ್ತಾ ಹೋದಳು. ಗೆರೆಯೋ ಕೂದಲೋ ಅನ್ನುವಂತಿತ್ತು.

ಜೋಡಿಸಿ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು. ಯಂತ್ರದ ಪರದೆ ಮಾತ್ರ ಕಗ್ಗತ್ತಲು.

ತಮ್ಮ ಸ್ವಿಚ್ ಆರಿಸಿದ. "ಹೋಯ್ತು ಅಕ್ಕಾ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಡಿಗೆ ಬೋರ್ಡಿನ ಕಡೆ ತಿರುಗಿ ನೋಡಿದರು.

ಮತ್ತೆ ಬಿಚ್ಚಿ ಬೆಳಕಿಗೆ ಹಿಡಿದರು. ಕನ್ನಡಕದ ಮೂಲಕ ಇಣುಕಿ ನೋಡಿದ ತಮ್ಮ ನಗಲೋ ಅಳಲೋ ತಿಳಿಯದೆ ಕೇಳಿದ: "ಅಕ್ಕಾ, ಪ್ರತಿ ಗೆರೆಯ ಬಲಕ್ಕೆ ಇನ್ನೊಂದು ಗೆರೆ ಇದೆಯಲ್ಲ, ಇದೇನಿದು?"

ಬೋರ್ಡಕ್ಕ ನೋಡಿದಳು. ಅವಳದೇ ಕೈ, ಅವಳಿಗೆ ಗೊತ್ತೇ ಇಲ್ಲದ ಹಾಗೆ, ಗೆರೆ ಗೆರೆಗೂ ಅಂದವಾಗಿ ನೆರಳು ಕೊಟ್ಟು ಮುಗಿಸಿತ್ತು. ಆ ನೆರಳು ಹೋಗಿ ಪಕ್ಕದ ಚುಕ್ಕಿಯನ್ನು ಮುಟ್ಟಿತ್ತು.

"ಅಯ್ಯೋ ನಮ್ಮಪ್ಪಾ!" ಅಂದಳು. ಕರೆದದ್ದು ನಿಜವಾಗಿಯೂ ಅಪ್ಪನನ್ನೇ.

"ಪ್ರಪಂಚದಲ್ಲಿ ಯಾರೂ ಪ್ರೊಸೆಸರಿಗೆ ನೆರಳು ಎಳೆದಿಲ್ಲ ಅಕ್ಕಾ!"

ಅಳಿಸುವ ರಬ್ಬರನ್ನು ಬ್ಲೇಡಿನಲ್ಲಿ ಮೊನೆ ಬರುವಂತೆ ಕೊಯ್ದು ಎಲ್ಲವನ್ನೂ ಅಳಿಸಿದಳು. ಕೈಯನ್ನು ನಂಬುವಂತಿಲ್ಲ ಎಂದು ಗೊತ್ತಾಯಿತಲ್ಲ, ಈ ಸಲ ಕೈಗೇ ಬೇಲಿ ಹಾಕಿದಳು. ಬೋರ್ಡಿನಲ್ಲಿ ನೇರ ಅಂಚು ಬೇಕಾದಾಗ ಟೇಪು ಅಂಟಿಸಿ ಬಣ್ಣ ಬಳಿಯುತ್ತಿದ್ದಳು. ಹಾಗೆಯೇ ಸೆಲ್ಲೋಟೇಪನ್ನು ದಾರದಷ್ಟು ಸಣ್ಣಗೆ ಸೀಳಿ ಪ್ರತಿ ಜೋಡಿಯ ಎರಡೂ ಮಗ್ಗುಲಿಗೆ ಅಂಟಿಸಿದಳು. ನಡುವೆ ಗೆರೆ ಎಳೆದಳು. ಕೈ ಅಭ್ಯಾಸದಂತೆ ಬಲಕ್ಕೆ ಜಾರಿತು, ನೆರಳು ಟೇಪಿನ ಮೇಲೆ ಬಿತ್ತು. ಟೇಪು ಕಿತ್ತಾಗ ನೆರಳೂ ಅದರೊಂದಿಗೇ ಬಂತು.

ಸ್ವಿಚ್ ಒತ್ತಿದರು. ಪರದೆ ಬೆಳಗಿತು. ತಮ್ಮ ಸೆಟ್ಟಿಂಗಿಗೆ ಹೋಗಿ ವೇಗದ ಅಂಕಿಯನ್ನು ಒಂದು ಮೆಟ್ಟಿಲು ಏರಿಸಿದ. ಹಿಂದೆ ಮಿಸುಕದ ಅಂಕಿ ಹೇಳಿದ ಹಾಗೆ ಕೇಳಿತು. ಇನ್ನೊಂದು ಮೆಟ್ಟಿಲು. ಮತ್ತೊಂದು.

"ತೆಗೀತು ಅಕ್ಕಾ! ಬೀಗ ತೆಗೀತು!"

ಬೋರ್ಡಕ್ಕ ಕುಣಿಯಲಿಲ್ಲ, ಕೆಲಸಕ್ಕೆ ಕೂತಳು. ನೆರಳು ಕೊಡು ಅಂದಳು. ಮರಳು ಗಡಿಯಾರ ಬಂತು, ಎದ್ದು ಹೋಗಲು ಅವಳು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮಾಯವಾಯಿತು. ಆದರೆ ಮಧ್ಯಾಹ್ನ ಏರಿದಂತೆ ಪೆಟ್ಟಿಗೆ ಒಲೆಯಂತೆ ಕಾದು, ಯಂತ್ರ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು.

"ಬಿಸಿ ತಡೀತಿಲ್ಲ," ಅಂದ ತಮ್ಮ. "ಗಾಳಿ ಬೇಕು."

ಆಗ ಒಳಗಿನಿಂದ ಏನೋ ಎಳೆಯುವ ಸದ್ದು. ಅತ್ತೆ ತಾವು ಮಲಗುವ ಮಂಚದ ಪಕ್ಕದ ಟೇಬಲ್ ಫ್ಯಾನನ್ನು ಹೊತ್ತು ತಂದರು. ಮಗನಿಗೂ ಕೊಡದ ಫ್ಯಾನು ಅದು. ಪೆಟ್ಟಿಗೆಯ ತೆರೆದ ಹೊಟ್ಟೆಯ ಮುಂದಿಟ್ಟು, "ಅದಕ್ಕೂ ಸೆಕೆ ಆಗುತ್ತಲ್ಲವಾ?" ಅಂದು, ತಾವು ಬೀಸಣಿಗೆ ಹಿಡಿದು ಪಕ್ಕದಲ್ಲೇ ಕೂತರು. ಯಂತ್ರ ಮತ್ತೆ ನಿಲ್ಲಲಿಲ್ಲ.

ಪ್ರೆಸ್ಸಿನವನು ಬಾಗಿಲು ಎಳೆಯುತ್ತಿರುವಾಗ ಬೋರ್ಡಕ್ಕ ಮುಗಿದ ಫೈಲಿನ ಸಿ.ಡಿ. ಹಿಡಿದು ಒಳಗೆ ಕಾಲಿಟ್ಟಳು. ಪರದೆ ಮುದ್ರಣವಾಗಿ ರಂಗದ ಮೇಲೆ ಏರಿದಾಗ ಕೊನೆಯ ಸಾಲಿನವರೆಗೂ ಅಕ್ಷರ ಎದ್ದು ನಿಂತಿದ್ದವು. ನೋಡಲು ಬಂದ ಅತ್ತೆ ನಾಟಕವನ್ನು ನೋಡಲೇ ಇಲ್ಲ. ಅಕ್ಕಪಕ್ಕ ಕೂತವರಿಗೆಲ್ಲ, "ಹಿಂದಿರೋ ಅಕ್ಷರ ನಮ್ಮ ಸೊಸೇದು, ಗಾಳಿ ನನ್ನದು," ಅನ್ನುತ್ತಾ ಕೂತಿದ್ದರು.

ಭಾನುವಾರ ಬಾಗಿಲಿಗೇರಬೇಕಾಗಿದ್ದ ಬೋರ್ಡನ್ನು ಅತ್ತೆ ಅಕ್ಕಿ ಡಬ್ಬಕ್ಕೆ ಮುಚ್ಚಳ ಮಾಡಿಕೊಂಡರು. ಬದುಕಿರುವಷ್ಟು ಕಾಲ ಅವರು ಅದನ್ನು ಅಲ್ಲಿಂದ ಕದಲಿಸಲಿಲ್ಲ.

ಕೆಲಸ ಬೆಳೆಯಿತು. ಯಂತ್ರಗಳು ಬದಲಾದವು, ಮುಂದಿನ ಕೋಣೆ ಸಾಲದೆ ನಡುಮನೆಗೂ ಮೇಜು ಬಂತು, ಮಲಗಲು ಜಾಗವಿಲ್ಲದೆ ಗಂಡ "ನನ್ನನ್ನೂ ಒಂದು ಫೈಲು ಮಾಡಿ ಒಳಗಿಟ್ಟುಬಿಡು" ಎಂದು ರೇಗಿಸಿದ. ಕೊನೆಗೆ ಮುಖ್ಯರಸ್ತೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡ ಅವರದೇ ಆಯಿತು.

ಸಾಮಾನೆಲ್ಲ ಗಾಡಿಗೆ ಏರಿದ ದಿನ ಬೋರ್ಡಕ್ಕ ಒಬ್ಬಳೇ ಒಳಗೆ ಉಳಿದಳು. ಆ ಹಳೆಯ ಪ್ರೊಸೆಸರ್ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಮಲಗಿತ್ತು, ಆ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಬ್ಬದ ಮೇಲಿನಿಂದ ತೆಗೆದಿಟ್ಟಿದ್ದ ಬೋರ್ಡನ್ನು ಸೆರಗಿನಿಂದ ಒರೆಸಿದಳು. 'ಕೋಣೆ'ಯ ಮೇಲೆ ಬಣ್ಣ ಬಳಿದು 'ಮನೆ' ಎಂದು ಬರೆದಳು.

"ಅಕ್ಕಾ, ಗಾಡಿಯವನು ಕೂಗ್ತಿದಾನೆ!" ಹೊರಗಿನಿಂದ ತಮ್ಮ.

"ತಡಿ, ನೆರಳೊಂದು ಬಾಕಿ."

ಒಂದೊಂದೇ ಅಕ್ಷರದ ಬಲಮಗ್ಗುಲಿಗೆ ಕಪ್ಪು ಗೆರೆ ಎಳೆದಳು. ಕೈ ಎಲ್ಲೂ ನಿಲ್ಲಲಿಲ್ಲ. ಬೋರ್ಡನ್ನು ಬಾಗಿಲಿಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಒಣಗದ ಬ್ರಷ್ಷನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದಳು.